ಉದಾಸೀನ

ಇಪ್ಪತ್ತೆಂಟು ವರ್ಷ ಪಿ.ಯು. ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಟ್ಟವಳು ನಾನು. ಡಿಸ್‌ಇಂಟರೆಸ್ಟೆಡ್, ಅನ್‌ಇಂಟರೆಸ್ಟೆಡ್ ಎಂಬ ಜೋಡಿ ಬಂದಾಗಲೆಲ್ಲ ಕ್ರಿಕೆಟ್ಟಿನ ಅಂಪೈರನನ್ನು ಕರೆತರುತ್ತಿದ್ದೆ. ಯಾರು ಗೆದ್ದರೂ ಅವನಿಗೆ ಲಾಭವಿಲ್ಲ, ನಷ್ಟವಿಲ್ಲ, ಅವನು ಮೊದಲನೆಯವನು. ಆಟವೇ ಬೇಡವಾಗಿ ಆಕಳಿಸುತ್ತ ನಿಂತರೆ ಎರಡನೆಯವನು. ಇಂಟರೆಸ್ಟ್ ಎಂದರೆ ಆಸಕ್ತಿ ಮಾತ್ರವಲ್ಲ, ಹಿತ, ಪಾಲು, ಬ್ಯಾಂಕಿನ ಬಡ್ಡಿಯೂ ಹೌದು, ಗೊಂದಲವೆಲ್ಲ ಅಲ್ಲಿಂದಲೇ. 17ನೇ ಶತಮಾನದ ಇಂಗ್ಲಿಷರೇ ಇವೆರಡನ್ನೂ ಅದಲುಬದಲಾಗಿ ಬಳಸಿದ್ದಾರೆ. ಆದರೂ ಹುಡುಗಿಯರು ತಪ್ಪು ಬರೆದರೆ ನಾನು ಒಂದು ಅಂಕ ಕಳೆಯುತ್ತಿದ್ದೆ.

ಅಮ್ಮ ಮೊದಲೇ ಹೋಗಿದ್ದಳು. ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಮನೆ ಅವರ ಸ್ವಯಾರ್ಜಿತ. 1956ರ ಕಾಯಿದೆಯಂತೆ ತಮ್ಮಂದಿರಿಬ್ಬರ ಸಮಕ್ಕೆ ನನಗೂ ಪಾಲಿತ್ತು. ಪೆನ್ಷನ್ ಬರುತ್ತದೆ, ನನಗೇಕೆ ಎಂದು ಹಕ್ಕು ಬಿಟ್ಟು ಸಹಿ ಹಾಕಿದೆ. "ಅಕ್ಕನಿಗೆ ಏನೂ ಬೇಕಿಲ್ಲ, ಅವಳೇ ಪಾಲು ಹೇಳಲಿ" ಎಂದರು ತಮ್ಮಂದಿರು. ಒಳಗೊಳಗೇ ಹಿಗ್ಗಿದೆ, ಸುಳ್ಳೇಕೆ ಹೇಳಲಿ. ನಡುಮನೆಯಲ್ಲಿ ಕುಳಿತು ಕಾಫಿ ಕುಡಿದು ಅರ್ಧ ಗಂಟೆಯಲ್ಲಿ ಮುಗಿಸಿದೆ: ಮುಂದಿನ ಭಾಗ ದೊಡ್ಡವನಿಗೆ, ಹಿಂದಿನದು ಚಿಕ್ಕವನಿಗೆ. ಸಂಜೆಯ ಬಸ್ಸಿಗೆ ಹೊತ್ತಾಗುತ್ತಿತ್ತು.

ಲೋಟ ತೆಗೆಯಲು ಬಂದ ಚಿಕ್ಕವನ ಹೆಂಡತಿ ಮೆಲ್ಲಗೆ ಅಂದಳು: "ಅತ್ತಿಗೆ, ಈ ಮನೇಲಿ ನಿಮಗೆ ಏನೂ ಬೇಡ ಅನ್ನೋದು ನಿಜ. ಅದಕ್ಕೇ ನೀವು ಏನನ್ನೂ ನೋಡಲಿಲ್ಲ."

ಆಗ ತಿರುಗಿ ನೋಡಿದೆ. ಮುಂದಿನ ಕೋಣೆಯ ಕಿಟಕಿಯ ಪಕ್ಕ ಅವಳ ಹೊಲಿಗೆ ಯಂತ್ರ. ರವಿಕೆ ಹೊಲಿಸುವವರು ಬೀದಿಯಿಂದ ನೇರ ಅಲ್ಲಿಗೇ ಬರುತ್ತಿದ್ದರು. ಹಾಸಿಗೆ ಹಿಡಿದ ಅಪ್ಪನ ಮೂರು ವರ್ಷದ ಔಷಧಿ ನಡೆದದ್ದು ಆ ದುಡ್ಡಿನಲ್ಲೇ. ಹಿಂದಿನ ಭಾಗಕ್ಕೆ ದಾರಿ ಎಂದರೆ ಒಂದು ಕತ್ತಲೆಯ ಓಣಿ. ಅಲ್ಲಿಗೆ ಯಾರು ಬಟ್ಟೆ ತರುತ್ತಾರೆ? ಇದೊಂದನ್ನೂ ನಾನು ಕೇಳಿರಲಿಲ್ಲ.

ನಮ್ಮಲ್ಲಿ ಎರಡಕ್ಕೂ ಒಂದೇ ಮಾತಿದೆ. ಗೀತೆಯಲ್ಲಿ ಉದಾಸೀನನೆಂದರೆ ಯಾರ ಕಡೆಗೂ ವಾಲದೆ ಕುಳಿತವನು; ಅದು ಹೊಗಳಿಕೆ. ಮನೆಗಳಲ್ಲಿ ಮಾತ್ರ "ಜ್ವರ ಉದಾಸೀನ ಮಾಡಬೇಡ" ಎನ್ನುತ್ತೇವೆ. ಗೀತೆಯ ಪೀಠದಲ್ಲಿ ಕುಳಿತೆನೆಂದುಕೊಂಡವಳು ನಾನು ಜ್ವರದ ಉದಾಸೀನವನ್ನೇ ಮಾಡಿದ್ದೆ. ಪಾಲು ಬಿಡುವುದು ನನಗೆ ಸುಲಭವಿತ್ತು. ಅದರ ಜೊತೆಗೇ ನೋಡುವ ಶ್ರಮವನ್ನೂ ಬಿಟ್ಟಿದ್ದೆ.

ಬಸ್ಸು ಬಿಟ್ಟೆ. ಮಾರನೆಯ ಬೆಳಿಗ್ಗೆ ಇಬ್ಬರನ್ನೂ ಮತ್ತೆ ಕೂರಿಸಿದೆ. ದೊಡ್ಡವನ ಮುಖ ಕಪ್ಪಿಟ್ಟಿತು. "ಏನೂ ಬೇಡ ಅಂದೋಳಿಗೆ ಈಗ ಇಷ್ಟ್ಯಾಕೆ ಇಂಟರೆಸ್ಟು, ಅಕ್ಕಾ?" ಎಂದ.

ಮುಂದಿನ ಕೋಣೆ ಚಿಕ್ಕವನ ಪಾಲಿಗೆ ಬಂತು. ದೊಡ್ಡವನು ಈಚೆಗೆ ನಮ್ಮ ಮನೆಗೆ ಬರುವುದು ಕಡಿಮೆ.