ಎಚ್ಚರ ತಪ್ಪಿದವನೂ ಕಾಲದ ಗಣನೆಯೂ

ನ್ಯಾಯವು ಎಚ್ಚತ್ತವರಿಗೆ ನೆರವಾಗುತ್ತದೆ, ನಿದ್ರಿಸುವವರಿಗಲ್ಲ ಎಂಬುದು ರೋಮನ್ ನ್ಯಾಯಶಾಸ್ತ್ರದ ಮಾರ್ಗವಾಗಿ ನಮ್ಮ ನ್ಯಾಯಾಲಯಗಳಿಗೆ ಬಂದಿರುವ ಒಂದು ಸೂತ್ರ. ತನ್ನ ಹಕ್ಕನ್ನು ತಾನೇ ಕಡೆಗಣಿಸಿ ವರ್ಷಾನುವರ್ಷ ಸುಮ್ಮನಿದ್ದು, ಎದುರಾಳಿಯ ಕಾಗದಪತ್ರಗಳು ಕಳೆದುಹೋಗಿ ಸಾಕ್ಷಿಗಳು ತೀರಿಹೋದ ಮೇಲೆ ಬಂದು ಬಾಗಿಲು ತಟ್ಟುವವನಿಗೆ ಈ ಸೂತ್ರವನ್ನು ಹೇಳಿದರೆ ಅದರಲ್ಲಿ ಅನ್ಯಾಯವೇನೂ ತೋರದು. ಆದರೆ ಆ ನಿದ್ರೆಯು ತಾನಾಗಿ ಬಂದುದಾಗಿರದೆ ಮತ್ತೊಬ್ಬನ ವಾಹನವು ತಲೆಗೆ ಕೊಟ್ಟ ಪೆಟ್ಟಿನಿಂದ ಬಂದುದಾದರೆ, ಯಾವ ಅಪಕಾರಕ್ಕಾಗಿ ಪರಿಹಾರವನ್ನು ಕೇಳಬೇಕೋ ಆ ಅಪಕಾರವೇ ಕೇಳುವ ಶಕ್ತಿಯನ್ನು ಕಸಿದುಕೊಂಡಿದ್ದರೆ, ಆಗಲೂ ಕಾಲವು ಅವನಿಗೆ ವಿರುದ್ಧವಾಗಿ ಓಡತಕ್ಕುದೆ? ಈ ಪ್ರಶ್ನೆಗೆ ಉತ್ತರ ಹೇಳಬೇಕಾದವನು ಕಾಯಿದೆಯ ಪುಸ್ತಕವನ್ನೂ ತೆರೆಯಬೇಕು. ಎಚ್ಚರವೆಂದರೇನು, ಉಪೇಕ್ಷೆಯೆಂದರೇನು ಎಂದು ನಮ್ಮ ಹಿಂದಿನವರು ನಡೆಸಿದ ವಿಚಾರವನ್ನೂ ತೆರೆಯಬೇಕು.

ಕರ್ನಾಟಕದ ಉತ್ತರದ ತುದಿಯಲ್ಲಿರುವ ಔರಾದ ತಾಲ್ಲೂಕಿನ ಒಂದು ಒಕ್ಕಲು ಮನೆತನವನ್ನು ಊಹಿಸಿಕೊಳ್ಳೋಣ. ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬಂಧುಬಳಗದೊಡನೆ ಭಜ್ಜಿ ರೊಟ್ಟಿ ಉಂಡು, ಸಂಜೆಗೆ ಮೋಟರ್ ಸೈಕಲ್ಲಿನ ಮೇಲೆ ಊರಿಗೆ ಹಿಂತಿರುಗುತ್ತಿದ್ದ ಮನೆಯ ಹಿರಿಮಗನಿಗೆ ಹಿಂದಿನಿಂದ ಜೀಪೊಂದು ಬಡಿಯುತ್ತದೆ. ತಾಲ್ಲೂಕು ಆಸ್ಪತ್ರೆಯಿಂದ ಬೀದರಿನ ಬ್ರಿಮ್ಸ್ ಆಸ್ಪತ್ರೆಗೆ, ಅಲ್ಲಿಂದ ಆ ರಾತ್ರಿಯೇ ಹೈದರಾಬಾದಿಗೆ ಅವನನ್ನು ಒಯ್ಯುತ್ತಾರೆ. ತಲೆಬುರುಡೆಯನ್ನು ತೆರೆದು ಹೆಪ್ಪುಗಟ್ಟಿದ ರಕ್ತವನ್ನು ತೆಗೆದ ಮೇಲೂ ವಾರಗಟ್ಟಲೆ ಅವನಿಗೆ ಖಬರಿಲ್ಲ. ಮನೆಗೆ ತಂದಾಗ ಪ್ಲಾಸ್ಟಿಕ್ ಚೀಲದಲ್ಲಿ ಬಂದ ಡಿಸ್ಚಾರ್ಜ್ ಕಾರ್ಡಿನ ಮೇಲೆ, ಆಸ್ಪತ್ರೆಗೆ ಸೇರಿಸಿದಾಗ ಜಿಸಿಎಸ್ 6/15 ಎಂದು ಬರೆದಿದೆ. ಕಣ್ಣು ತೆರೆಯುವುದು, ಮಾತನಾಡುವುದು, ಕೈಕಾಲು ಆಡಿಸುವುದು ಎಂಬ ಮೂರು ಲಕ್ಷಣಗಳನ್ನು ಎಣಿಸಿ ಎಚ್ಚರವನ್ನು 3ರಿಂದ 15ರವರೆಗೆ ಅಳೆಯುವ ಈ ಕ್ರಮವನ್ನು 1974ರಲ್ಲಿ ಗ್ಲಾಸ್ಗೋ ನಗರದ ವೈದ್ಯರು ರೂಪಿಸಿದರೆಂಬುದು ಆ ಮನೆಯವರಿಗೆ ತಿಳಿಯದು, ಆ ಅಂಕೆ ಮಗನ ಪ್ರಜ್ಞೆಯ ಲೆಕ್ಕವೆಂಬುದೂ ತಿಳಿಯದು. ಅವರಿಗೆ ಕಾಣುವುದು ಇಷ್ಟು: ಅವನು ನಡೆಯುತ್ತಾನೆ, ಉಣ್ಣುತ್ತಾನೆ, ಆದರೆ ಕಿರಾಣಿ ಅಂಗಡಿಯಲ್ಲಿ ಚಿಲ್ಲರೆ ಎಣಿಸಲಾರ, ಕೇಳಿದ್ದನ್ನೇ ಗಳಿಗೆಗೊಮ್ಮೆ ಕೇಳುತ್ತಾನೆ, ಸೌಮ್ಯನಾಗಿದ್ದವನು ಹೆಂಡತಿಯ ಮೇಲೆ ಅಕಾರಣವಾಗಿ ಕೈಯೆತ್ತುತ್ತಾನೆ. ಸುಧಾರಿಸಬಹುದು, ತಾಳಿರಿ ಎನ್ನುತ್ತಾರೆ ವೈದ್ಯರು. ಹೀಗೆ ತಾಳುತ್ತಿರುವಾಗಲೇ ಮೃಗಶಿರೆಯ ಮಳೆ ಬಿದ್ದು ಸೋಯಾ, ಹೆಸರು, ಉದ್ದು, ತೊಗರಿಗಳ ಬಿತ್ತನೆ ಬರುತ್ತದೆ, ಆಸ್ಪತ್ರೆಯ ಸಾಲದ ಮೇಲೆ ಬೀಜದ ಸಾಲ ಕೂಡುತ್ತದೆ. ಆ ಬಿತ್ತನೆಯ ಗದ್ದಲದ ನಡುವೆ, ಯಾರಿಗೂ ಅರಿವಿಲ್ಲದಂತೆ, ಕಾಯಿದೆಯು ಕೊಟ್ಟ ಆರು ತಿಂಗಳು ಮುಗಿದುಹೋಗುತ್ತದೆ.

ಈ ಆರು ತಿಂಗಳ ಕತೆಯು ಒಮ್ಮೆ ಬಂದು, ಹೋಗಿ, ಮರಳಿ ಬಂದುದು. 1988ರ ಮೋಟಾರು ವಾಹನಗಳ ಕಾಯಿದೆಯ 166ನೆಯ ಪ್ರಕರಣವು ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದೂ, ತಕ್ಕ ಕಾರಣವಿದ್ದರೆ ನ್ಯಾಯಮಂಡಳಿಯು ಹನ್ನೆರಡು ತಿಂಗಳವರೆಗೆ ಅದನ್ನು ಸ್ವೀಕರಿಸಬಹುದೆಂದೂ ಮೊದಲು ವಿಧಿಸಿತ್ತು. 1994ರ ತಿದ್ದುಪಡಿಯು ಈ ಕಟ್ಟನ್ನು ತೆಗೆದುಹಾಕಿತು. 1990ರ ಒಂದು ಅಪಘಾತದ ಸಂಬಂಧವಾಗಿ ಹನ್ನೆರಡು ತಿಂಗಳು ಕಳೆದು ಕೆಲವೇ ದಿನ ತಡವಾಯಿತೆಂದು ತಿರಸ್ಕೃತವಾಗಿದ್ದ ಅರ್ಜಿಯೊಂದನ್ನು ಸುಪ್ರೀಂ ಕೋರ್ಟು 1996ರಲ್ಲಿ ಆ ತಿದ್ದುಪಡಿಯ ಆಧಾರದ ಮೇಲೆ ಮತ್ತೆ ಜೀವಂತಗೊಳಿಸಿತು. 2019ರ ತಿದ್ದುಪಡಿಯು ಆರು ತಿಂಗಳ ಮಿತಿಯನ್ನು ಮರಳಿ ತಂದಿತು. 2022ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ತಡವನ್ನು ಮನ್ನಿಸುವ ಹಳೆಯ ಮಾತು ಈ ಬಾರಿ ಅದರಲ್ಲಿಲ್ಲ. ಆ ಮಿತಿಯ ಸಿಂಧುತ್ವವು ಈಗ ಸುಪ್ರೀಂ ಕೋರ್ಟಿನ ಮುಂದಿದ್ದು, ಅದು ಇತ್ಯರ್ಥವಾಗುವವರೆಗೆ ಕಾಲಮಿತಿ ಮೀರಿತೆಂಬ ಕಾರಣದಿಂದ ಯಾವ ಅರ್ಜಿಯನ್ನೂ ವಜಾ ಮಾಡಬಾರದೆಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವಾಗಿದೆ. ಇದು ಬಿಡುವು, ತೀರ್ಪಲ್ಲ.

ಮಿತಿಯನ್ನು ವಿಧಿಸುವವರ ಪಕ್ಷದಲ್ಲಿಯೂ ತಿರುಳಿದೆ. ಕಾಲವು ಸಾಕ್ಷಿಯ ನೆನಪನ್ನು ಸವೆಸುತ್ತದೆ. ವರ್ಷಗಳ ಮೇಲೆ ತಲೆಯೆತ್ತುವ ಅರ್ಜಿಗಳಲ್ಲಿ ಇಲ್ಲದ ವಾಹನವನ್ನು ಸೇರಿಸುವ ವಂಚನೆಗೆ ಎಡೆಯಿದೆ. ಎಂದೋ ನಡೆದುದರ ಭಯವನ್ನು ಮನುಷ್ಯನು ಜೀವಮಾನವೆಲ್ಲ ಹೊರುವಂತಾಗಬಾರದು. ಆದರೆ ತಲೆಗೆ ಪೆಟ್ಟಾದ ಪ್ರಸಂಗದಲ್ಲಿ ಸಾಕ್ಷ್ಯದ ಬಹುಭಾಗವು ಮೊದಲ ದಿನಗಳಲ್ಲಿಯೇ ಬರಹಕ್ಕೆ ಇಳಿದಿರುತ್ತದೆ: ಠಾಣೆಯ ಎಫ್‌ಐಆರ್, ಸ್ಥಳದ ಪಂಚನಾಮೆ, ಆಸ್ಪತ್ರೆಯ ದಾಖಲೆ, ಸಿಟಿ ಸ್ಕ್ಯಾನಿನ ಚಿತ್ರ. ಅರ್ಜಿ ತಡವಾದರೆ ಇವು ಸುಳ್ಳಾಗುವುದಿಲ್ಲ. ತಡವಾಗಿ ತಿಳಿಯುವುದು ಹಾನಿಯ ಅಳತೆ. ಮೆದುಳು ಎಷ್ಟು ಚೇತರಿಸಿಕೊಳ್ಳುವುದೆಂಬುದು ಆರು ತಿಂಗಳಲ್ಲಿ ನಿಶ್ಚಯವಾಗುವುದು ಅಪೂರ್ವ. ಮೂರ್ಛೆರೋಗವು ಪೆಟ್ಟು ಬಿದ್ದ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಮೇಲೆ ಕಾಣಿಸಿಕೊಳ್ಳುವುದುಂಟು. ವೃದ್ಧರಲ್ಲಿ ಸಣ್ಣ ಪೆಟ್ಟಿನ ರಕ್ತಸ್ರಾವವು ವಾರಗಳ ನಂತರ ಬಯಲಾಗುವುದುಂಟು.

ಇಲ್ಲಿ ನಾನು ಬೀದರ ಜಿಲ್ಲೆಯ ನೆಲದಲ್ಲಿಯೇ ಹುಟ್ಟಿದ ಒಂದು ಗ್ರಂಥವನ್ನು ನೆನೆಯಬೇಕಾಗಿದೆ. ಔರಾದವಿರುವ ಇದೇ ಜಿಲ್ಲೆಯ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದ ಕಾಲದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ದಾಯವಿಭಾಗದ ಕಾರಣದಿಂದ ಆ ಗ್ರಂಥದ ಹೆಸರು ಬ್ರಿಟಿಷರ ನ್ಯಾಯಾಲಯಗಳಲ್ಲಿಯೂ ಪ್ರಸಿದ್ಧವಾಯಿತು. ಆದರೆ ಕಾಲವನ್ನು ಕುರಿತ ಅದರ ವಿಚಾರವನ್ನು ಅಷ್ಟಾಗಿ ಯಾರೂ ಎತ್ತಲಿಲ್ಲ. ಒಡೆಯನು ನೋಡುತ್ತಿದ್ದು ಮಾತನಾಡದೆ ಇರುವಾಗ ಅನ್ಯನು ಅವನ ಭೂಮಿಯನ್ನು ಇಪ್ಪತ್ತು ವರ್ಷ, ಚರಸೊತ್ತನ್ನು ಹತ್ತು ವರ್ಷ ಅನುಭವಿಸಿದರೆ ಹಾನಿಯುಂಟಾಗುತ್ತದೆಂಬುದು ಸ್ಮೃತಿಯ ವಿಧಿ. ನೋಡುತ್ತಿರಬೇಕು, ಮಾತನಾಡದಿರಬೇಕು: ಕಾಲವು ಕೆಲಸ ಮಾಡುವುದಕ್ಕೆ ಈ ಎರಡೂ ಬೇಕು. ಆ ಹಾನಿಯು ಕೂಡ ಫಲಕ್ಕೇ ಹೊರತು ಒಡೆತನಕ್ಕಲ್ಲವೆಂದು ವಿಜ್ಞಾನೇಶ್ವರನು ವಾದಿಸುತ್ತಾನೆ. ಅದರ ಮುಂದಿನ ಶ್ಲೋಕವು ಈ ನಿಯಮಕ್ಕೆ ಒಳಪಡದವುಗಳನ್ನು ಎಣಿಸುತ್ತದೆ. ಅಡವು, ಗಡಿ, ಇಟ್ಟ ನಿಧಿ ಮುಂತಾದವುಗಳ ಜೊತೆಗೆ ಬುದ್ಧಿ ಮಂಕಾದವನ ಸೊತ್ತೂ ಬಾಲಕನ ಸೊತ್ತೂ ಅಲ್ಲಿ ಸೇರಿವೆ. ಇಂಥವರ ಮೌನಕ್ಕೆ ಅವರ ಸ್ಥಿತಿಯೇ ಕಾರಣವಾದುದರಿಂದ ಅದನ್ನು ಅವರ ಮೇಲೆ ಹೊರಿಸಲಾಗದೆಂಬುದು ವ್ಯಾಖ್ಯಾನದ ಅಭಿಪ್ರಾಯ. ಕಾಲವು ಶಿಕ್ಷಿಸುವುದು ಉಪೇಕ್ಷೆಯನ್ನು. ಉಪೇಕ್ಷಿಸಲು ಶಕ್ತನಾದವನೇ ಇಲ್ಲದೆಡೆಯಲ್ಲಿ ಉಪೇಕ್ಷೆಯೂ ಇಲ್ಲ, ಆದುದರಿಂದ ಗಣನೆಯೂ ಇಲ್ಲ. ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಕುಳಿತು ಒಬ್ಬ ನ್ಯಾಯವೇತ್ತನು ಒಪ್ಪಿದ ತತ್ತ್ವವಿದು.

ಮೂರ್ಛೆಯೂ ನಿದ್ರೆಯೂ ಒಂದೇ ಎಂದು ಯಾರಾದರೂ ಹೇಳಿದರೆ ಶಂಕರಾಚಾರ್ಯರ ಬ್ರಹ್ಮಸೂತ್ರಭಾಷ್ಯವು ಅದಕ್ಕೆ ಎಂದೋ ಉತ್ತರ ಕೊಟ್ಟಿದೆ. ಮೂರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಮೂರ್ಛಿತನ ಅವಸ್ಥೆ ಯಾವುದೆಂಬ ವಿಚಾರ ಬರುತ್ತದೆ. ಅವನು ವಿಷಯಗಳನ್ನು ಅರಿಯದ ಕಾರಣ ಎಚ್ಚತ್ತವನಲ್ಲ. ಪ್ರಜ್ಞೆಯಿಲ್ಲದ ಕಾರಣ ಕನಸು ಕಾಣುವವನಲ್ಲ. ಉಸಿರೂ ಬಿಸಿಯೂ ಇರುವುದರಿಂದ ಸತ್ತವನಲ್ಲ. ನಿದ್ರಿಸುವವನೂ ಅಲ್ಲವೆಂಬುದಕ್ಕೆ ಆಚಾರ್ಯರು ಕೊಡುವ ಲಕ್ಷಣಗಳು ರೋಗಿಯ ಪಕ್ಕದಲ್ಲಿ ಕುಳಿತು ನೋಡಿದವರ ಲಕ್ಷಣಗಳು: ನಿದ್ರಿತನ ಮುಖ ಪ್ರಸನ್ನ, ಉಸಿರು ಸಮ, ಕೈ ಮುಟ್ಟಿದರೆ ಏಳುತ್ತಾನೆ; ಮೂರ್ಛಿತನ ಮುಖ ವಿಕಾರ, ಕಣ್ಣು ಬಿರಿದದ್ದು, ಉಸಿರಿಗೆ ನೇಮವಿಲ್ಲ, ಬಡಿದರೂ ಏಳನು. ಕಾರಣವೂ ಬೇರೆ, ನಿದ್ರೆಗೆ ಶ್ರಮವು ಕಾರಣ, ಮೂರ್ಛೆಗೆ ಒನಕೆಯ ಪೆಟ್ಟಿನಂಥದು ಕಾರಣ. ಇದರ ಹಿಂದಿನ ಸೂತ್ರದಲ್ಲಿ ಮಲಗಿದವನೇ ಏಳುತ್ತಾನೆಯೋ ಬೇರೊಬ್ಬನೋ ಎಂದು ಕೇಳಿ, ನಿನ್ನೆ ಅರ್ಧಕ್ಕೆ ಬಿಟ್ಟ ಕರ್ಮವನ್ನು ಇಂದು ಅವನೇ ಮುಗಿಸುವುದರಿಂದ ಅವನೇ ಇವನೆಂದು ನಿರ್ಣಯಿಸಲಾಗಿದೆ. ಔರಾದದ ಆ ಮನೆಯಲ್ಲಿ ಕುಳಿತಿರುವವನಿಗೆ ತನ್ನ ನಿನ್ನೆಯ ನೆನಪಿಲ್ಲದಿರಬಹುದು. ಆದರೂ ಅವನು ಅವನೇ. ಹಕ್ಕು ಅವನ ನೆನಪಿಗೆ ಅಂಟಿದ್ದಲ್ಲ, ಅವನಿಗೆ ಅಂಟಿದ್ದು.

ಈಗಿನ ಕಾಯಿದೆಗೂ ಈ ವಿವೇಕ ಅಪರಿಚಿತವಲ್ಲ. 1963ರ ಕಾಲಪರಿಮಿತಿ ಕಾಯಿದೆಯ 6ನೆಯ ಪ್ರಕರಣವು, ಅವಧಿಯ ಎಣಿಕೆ ಮೊದಲಾಗುವಾಗ ಹಕ್ಕುದಾರನು ಅಪ್ರಾಪ್ತವಯಸ್ಕನೋ ಬುದ್ಧಿಭ್ರಮಣೆಯುಳ್ಳವನೋ ಆಗಿದ್ದರೆ, ಆ ಅಸಾಮರ್ಥ್ಯ ಕಳೆದ ಮೇಲೆ ಅವಧಿಯನ್ನು ಎಣಿಸಲು ಬಿಡುತ್ತದೆ. ಆದರೆ ಅದರ ಮಾತು ದಾವೆಗೂ ಡಿಕ್ರಿಯ ಅಮಲ್ಜಾರಿ ಅರ್ಜಿಗೂ ಮೀಸಲು; ಅಪಘಾತದ ಪರಿಹಾರದ ಅರ್ಜಿಯನ್ನು ಅದು ಹೆಸರಿಸುವುದಿಲ್ಲ. ಅದೇ ಕಾಯಿದೆಯ 9ನೆಯ ಪ್ರಕರಣವು ಒಮ್ಮೆ ಓಡತೊಡಗಿದ ಕಾಲವನ್ನು ಆಮೇಲೆ ಬಂದ ಅಸಾಮರ್ಥ್ಯವು ನಿಲ್ಲಿಸದೆನ್ನುತ್ತದೆ. ಬಿದ್ದ ದಿನ ಎದ್ದು ನಡೆದು, ವಾರ ಕಳೆದ ಮೇಲೆ ಮೆದುಳಿನ ಸ್ರಾವದಿಂದ ಪ್ರಜ್ಞೆ ತಪ್ಪಿದವನ ಪಾಡೇನು? ಗಾಯವು ಒಂದೇ, ಕಾರಣವು ಒಂದೇ. ಆದರೂ ಎರಡು ದಿನಾಂಕಗಳ ನಡುವಣ ಸಂದಿನಲ್ಲಿ ಅವನ ಹಕ್ಕು ಕಳೆದುಹೋಗಬಹುದು. ಅಸಾಮರ್ಥ್ಯವು ಅಪಕಾರದ ಫಲವೇ ಆಗಿರುವೆಡೆ ಎಣಿಕೆಯು ಚೇತರಿಕೆಯಿಂದಲೋ ಪಾಲಕನ ನೇಮಕದಿಂದಲೋ ಆರಂಭವಾಗುವಂತೆ ಶಾಸನವು ಸ್ಪಷ್ಟವಾಗಿ ಹೇಳಬೇಕೆಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ.

ಇನ್ನೊಂದು ಅಡ್ಡಿಯು ನ್ಯಾಯಾಲಯದಲ್ಲಿಲ್ಲ, ನಮ್ಮ ಮನಸ್ಸಿನಲ್ಲಿದೆ. ನಸೀಬದಾಗ ಬರೆದಿತ್ತು, ಯಾರ ಮೇಲೆ ದೂರೇನು ಎಂದು ನಿಟ್ಟುಸಿರಿಟ್ಟು ಸುಮ್ಮನಾಗುವ ಹಿರಿಯರು ಈ ಭಾಗದಲ್ಲಿ ಮನೆಮನೆಗೂ ಇದ್ದಾರೆ. ಮಗನ ನೆತ್ತರಿಗೆ ಬೆಲೆ ಕಟ್ಟಿದಂತಾಗುತ್ತದೆಂದು ವಕೀಲರ ಮನೆಯ ಮೆಟ್ಟಿಲು ಹತ್ತಲು ನಾಚುವ ತಾಯಂದಿರಿದ್ದಾರೆ. ಈ ಭಾವನೆಯಲ್ಲಿರುವ ಭಕ್ತಿಗೆ ಕೈಮುಗಿಯಬೇಕು. ಅದರ ತರ್ಕವನ್ನು ಒಪ್ಪಬೇಕಾಗಿಲ್ಲ. ಒಂದೇ ಚಕ್ರದಿಂದ ರಥ ನಡೆಯದಂತೆ ಪುರುಷಪ್ರಯತ್ನವಿಲ್ಲದೆ ದೈವವು ಫಲಿಸದೆಂದು ಅದೇ ಯಾಜ್ಞವಲ್ಕ್ಯ ಸ್ಮೃತಿಯು ಹೇಳುತ್ತದೆ. ಪರಿಹಾರವು ನೆತ್ತರಿನ ಬೆಲೆಯೂ ಅಲ್ಲ. 2007ರಲ್ಲಿ ಹರಿಯಾಣದ ಹನ್ನೆರಡು ವರ್ಷದ ಬಾಲಿಕೆಯೊಬ್ಬಳು ತಲೆಗೆ ಪೆಟ್ಟಾಗಿ ಬುದ್ಧಿಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡ ಪ್ರಕರಣದಲ್ಲಿ, 2020ರಲ್ಲಿ ಸುಪ್ರೀಂ ಕೋರ್ಟು, ಹಗಲಿಗೊಬ್ಬರು ರಾತ್ರಿಗೊಬ್ಬರು ಆರೈಕೆಯವರು ಬೇಕೆಂದು ಲೆಕ್ಕ ಹಾಕಿ ಅದಕ್ಕೊಂದಕ್ಕೇ 21 ಲಕ್ಷ 60 ಸಾವಿರ ರೂಪಾಯಿಗಳನ್ನು ವಿಧಿಸಿತು. ಒಟ್ಟು ಪರಿಹಾರ 62 ಲಕ್ಷ 27 ಸಾವಿರ. ತಾಯಿಯು ಮುದುಕಿಯಾದ ಮೇಲೆ, ತಾಯಿಯು ಇಲ್ಲವಾದ ಮೇಲೆ, ಆ ಮಗುವಿಗೆ ಉಣಿಸುವವರು ಯಾರೆಂಬ ಪ್ರಶ್ನೆಗೆ ಸಮಾಜವು ಕೊಡಬೇಕಾದ ಉತ್ತರವದು. ಅದನ್ನು ಕೇಳದಿರುವುದು ವೈರಾಗ್ಯವಲ್ಲ. ಕೇಳಲಾರದವನ ಅನ್ನವನ್ನು ಅವನ ಪರವಾಗಿ ಬಿಟ್ಟುಕೊಡಲು ನಮಗೆ ಅಧಿಕಾರವಿಲ್ಲ.

ಹಾಗಾದರೆ ಎಚ್ಚರವಾಗಿರತಕ್ಕವರು ಯಾರು? 2019ರ ತಿದ್ದುಪಡಿಯೇ ಒಂದು ದಾರಿಯನ್ನು ತೋರಿದೆ: ತನಿಖೆ ಮಾಡುವ ಪೊಲೀಸರು ಅಪಘಾತದ ಮಾಹಿತಿ ವರದಿಯನ್ನು ಮೂರು ತಿಂಗಳೊಳಗೆ ನ್ಯಾಯಮಂಡಳಿಗೆ ಕಳುಹಿಸಬೇಕು; ಹಾಗೆ ಬಂದ ವರದಿಯನ್ನು ನ್ಯಾಯಮಂಡಳಿಯು ಪರಿಹಾರದ ಅರ್ಜಿಯೆಂದೇ ಪರಿಗಣಿಸಬೇಕು. 2022ರ ನಿಯಮಗಳು ಮೊದಲ ವರದಿಯನ್ನು 48 ಗಂಟೆಗಳಲ್ಲಿಯೇ ಬೇಡುತ್ತವೆ. ಮೂರ್ಛಿತನ ಪರವಾಗಿ ರಾಜ್ಯವೇ ಎಚ್ಚತ್ತಿರಲೆಂಬ ಉದಾತ್ತ ಕಲ್ಪನೆಯಿದು. ಇದು ಪ್ರತಿಯೊಂದು ಠಾಣೆಯಲ್ಲಿ ತಪ್ಪದೆ ನಡೆದರೆ ಆರು ತಿಂಗಳ ಭಯವು ಬಹುಮಟ್ಟಿಗೆ ಕರಗುತ್ತದೆ. ಅಂಗವಿಕಲರಿಗೂ ಸ್ತ್ರೀಯರಿಗೂ ಪರಿಶಿಷ್ಟರಿಗೂ ಉಚಿತವಾಗಿ ವಕೀಲರನ್ನು ಒದಗಿಸುವ ಕಾನೂನು ಸೇವಾ ಸಮಿತಿಗಳು ತಾಲ್ಲೂಕು ಮಟ್ಟದಲ್ಲಿವೆ. ಡಿಸ್ಚಾರ್ಜ್ ಕಾರ್ಡನ್ನು ಓದಿ ಹೇಳಬಲ್ಲ ಮಾಸ್ತರರು, ಆಶಾ ಕಾರ್ಯಕರ್ತೆಯರು, ಗ್ರಾಮ ಪಂಚಾಯಿತಿಯ ಸದಸ್ಯರು ಪ್ರತಿ ಊರಿನಲ್ಲಿಯೂ ಇದ್ದಾರೆ. ಎಫ್‌ಐಆರಿನ ಪ್ರತಿ ಬಂದಿದೆಯೆ, ವರದಿ ಬೀದರಿಗೆ ಹೋಗಿದೆಯೆ, ಅರ್ಜಿ ಬಿದ್ದಿದೆಯೆ ಎಂದು ಬಿತ್ತನೆಗೆ ಮುಂಚೆ ಇವರಲ್ಲೊಬ್ಬರು ಹೋಗಿ ಆ ಮನೆಯವರನ್ನು ಕೇಳಿದರೆ ಸಾಕು.

ದಾಸೋಹದ ಹೆಸರನ್ನು ನಿತ್ಯವೂ ಹೇಳುವ ಕಲ್ಯಾಣದ ನಾಡಿನವರಾದ ನಮಗೆ ಅನ್ನವಿಕ್ಕುವ ಧರ್ಮ ತಿಳಿದಿದೆ. ಪ್ರಜ್ಞೆ ತಪ್ಪಿದವನಿಗೆ ನಮ್ಮ ಪ್ರಜ್ಞೆಯನ್ನು ಕೆಲಕಾಲ ಎರವಲು ಕೊಡುವುದೂ ಆ ಧರ್ಮದ ಭಾಗವೇ. ಕಾಯಿದೆಯು ತಿದ್ದುಪಡಿಯಾಗಬೇಕು, ಆಗಲಿ; ಅದುವರೆಗೆ ಎಚ್ಚರ ತಪ್ಪಿದವನ ವಿರುದ್ಧ ಓಡುವ ಪ್ರತಿಯೊಂದು ದಿನಕ್ಕೂ ಉತ್ತರ ಹೇಳಬೇಕಾದವರು ಎಚ್ಚತ್ತಿರುವ ನಾವು.