ಕದ್ದ ಹೊತ್ತಿನ ಲೆಕ್ಕ

ಲಿನಕ್ಸ್ ಸರ್ವರ್ ಜೊತೆ ಸ್ವಲ್ಪ ಒಡನಾಟ ಇರೋರಿಗೆಲ್ಲ ‘ಟಾಪ್’ ಕಮಾಂಡ್ ಗೊತ್ತಿರತ್ತೆ. ಟೈಪ್ ಮಾಡಿದ್ರೆ ಸಿಪಿಯು ಹೊತ್ತು ಎಲ್ಲೆಲ್ಲಿ ಖರ್ಚಾಗ್ತಿದೆ ಅಂತ ಮೇಲ್ಗಡೆ ಒಂದು ಸಾಲು ಬರತ್ತೆ. ಆ ಸಾಲಿನ ಕೊನೇಲಿ ‘ಎಸ್‌ಟಿ’ ಅಂತ ಎರಡಕ್ಷರ. ಬಹಳ ಸಲ ಅದರ ಮುಂದೆ ಸೊನ್ನೆ ಇರತ್ತೆ, ಹಾಗಾಗಿ ಯಾರೂ ನೋಡೋಕೆ ಹೋಗಲ್ಲ. ಎಸ್‌ಟಿ ಅಂದ್ರೆ ಸ್ಟೀಲ್, ಕದ್ದದ್ದು. ನೀವು ಬಾಡಿಗೆಗೆ ತಗೊಂಡಿರೋ ಕ್ಲೌಡ್ ಮೆಷಿನ್ ಕೆಲಸಕ್ಕೆ ತಯಾರಾಗಿ ನಿಂತಿದೆ, ಆದ್ರೆ ಕೆಳಗಿರೋ ಅಸಲಿ ಮೆಷಿನ್ ತನ್ನ ಸಿಪಿಯುವನ್ನ ಆಗ ಬೇರೆ ಯಾರಿಗೋ ಕೊಟ್ಟಿದೆ. ಹಾಗೆ ಕಾಯ್ತಾ ಕಳೆದ ಹೊತ್ತಿನ ಲೆಕ್ಕ ಅದು.

ಇದರಲ್ಲಿ ನನಗೆ ತುಂಬಾ ಹಿಡಿಸಿದ ಸಂಗತಿ ಏನಂದ್ರೆ, ಕೆವಿಎಂ ಥರದ ವ್ಯವಸ್ಥೆಯಲ್ಲಿ ಈ ಲೆಕ್ಕ ಬರೆದು ಕೊಡೋದು ಕದ್ದವನೇ. ಅತಿಥಿ ತನ್ನ ಮೆಮೊರಿಯಲ್ಲಿ ಒಂದು ಜಾಗ ತೋರಿಸತ್ತೆ, ಹೋಸ್ಟ್ ಅಲ್ಲಿ ‘ನಿನ್ನಿಂದ ಇಷ್ಟು ಹೊತ್ತು ತಗೊಂಡೆ’ ಅಂತ ಬರೀತಾ ಹೋಗತ್ತೆ. ಹಾಗೆ ಬರೆಯದಿದ್ರೆ ಅತಿಥಿ ತನ್ನ ಪ್ರೋಗ್ರಾಮೇ ನಿಧಾನ ಅಂದ್ಕೊಂಡು ತನ್ನನ್ನೇ ಬೈಕೊಳ್ತಾ ಇರತ್ತೆ.

ನಮ್ಮಲ್ಲಿ ಎಷ್ಟು ಜನರ ಮೇಲಿನವರು ಈ ಕಾಲಮ್ ತುಂಬಿಸ್ತಾರೆ? ಇನ್ನೂ ಕಷ್ಟದ ಪ್ರಶ್ನೆ: ನಮ್ಮ ಕೆಳಗಿನವರಿಗೆ ನಾವು ಎಷ್ಟು ಸಲ ತುಂಬಿಸಿದ್ದೀವಿ?

ಈ ಪ್ರಶ್ನೆ ನನ್ನ ತಲೆಗೆ ಬಂದಿದ್ದು ‘ಎಲ್‌ಗೆಸ್ಟ್’ ಅನ್ನೋ ಪುಟ್ಟ ಹೈಪರ್‌ವೈಸರ್‌ನ ಕೋಡ್ ಓದುವಾಗ. ಆಸ್ಟ್ರೇಲಿಯಾದ ರಸ್ಟಿ ರಸೆಲ್ ಬರೆದಿದ್ದು. 2007ರಲ್ಲಿ ಲಿನಕ್ಸ್ 2.6.23 ಜೊತೆ ಕರ್ನಲ್ ಒಳಗೆ ಸೇರ್ತು. ಸುಮಾರು 5000 ಸಾಲು ಅಷ್ಟೇ. ಕಥೆ ಹೇಳಿದ ಹಾಗೆ ಕಾಮೆಂಟ್ ಬರೆದಿರೋದ್ರಿಂದ ಹೈಪರ್‌ವೈಸರ್ ಹೇಗೆ ಕೆಲಸ ಮಾಡತ್ತೆ ಅಂತ ಕಲಿಯೋಕೆ ಅದಕ್ಕಿಂತ ಒಳ್ಳೇದು ನಾನು ನೋಡಿಲ್ಲ.

ಒಳಗೆ ನಡೆಯೋದು ಇಷ್ಟು. ಇಂಟೆಲ್ ಚಿಪ್‌ನಲ್ಲಿ ಅಧಿಕಾರಕ್ಕೆ ನಾಲ್ಕು ಮೆಟ್ಟಿಲು, 0ಯಿಂದ 3ರವರೆಗೆ. ಕರ್ನಲ್ ಕೂರೋದು 0ಯಲ್ಲಿ, ನಮ್ಮ ನಿಮ್ಮ ಪ್ರೋಗ್ರಾಮುಗಳು 3ರಲ್ಲಿ. ಎಲ್‌ಗೆಸ್ಟ್ ಅತಿಥಿಯ ಕರ್ನಲ್ಲನ್ನ ಒಂದು ಮೆಟ್ಟಿಲು ಕೆಳಗಿಳಿಸಿ 1ರಲ್ಲಿ ಕೂರಿಸತ್ತೆ. ಅತಿಥಿ ತನ್ನ ಇಡೀ ಮೆಮೊರಿ ಅಂದ್ಕೊಂಡಿದ್ದು ಹೋಸ್ಟ್ ಕಣ್ಣಿಗೆ ಲಾಂಚರ್ ಅನ್ನೋ ಒಂದು ಸಾಮಾನ್ಯ ಪ್ರೋಗ್ರಾಮಿನ ಮೆಮೊರಿ. ಹೋಸ್ಟ್ ಒಳಗೆ ಒಂದು ಲೂಪ್ ತಿರುಗ್ತಾ ಇರತ್ತೆ: ಅತಿಥಿ ಏನಾದ್ರೂ ಕೇಳಿದ್ಯಾ? ತಲುಪಿಸಬೇಕಾದ ಇಂಟರಪ್ಟ್ ಇದೆಯಾ? ಅತಿಥಿ ಮಲಗಿದೆಯಾ? ಇಲ್ವಾ, ಸರಿ, ಸ್ವಲ್ಪ ಹೊತ್ತು ಓಡಿಸು. ಏನೋ ಎಡವಿ ವಾಪಸ್ ಬಂತಾ? ಏನಾಯ್ತು ನೋಡು. ಮತ್ತೆ ಮೊದಲಿಂದ. ಅತಿಥಿ ಮಾಡಬಾರದ್ದು ಮಾಡಿದ್ರೆ ಕೊಲ್ಲೋ ಅಧಿಕಾರವೂ ಹೋಸ್ಟ್‌ಗಿದೆ. ಆದ್ರೆ ಕೊಲ್ಲುವಾಗಲೂ ಕಾರಣವನ್ನ ಒಂದು ಸಾಲಿನಲ್ಲಿ ಬರೆದಿಡತ್ತೆ, ಲಾಂಚರ್ ಅದನ್ನ ಓದಬಹುದು.

ಈಗ ತೊಡಕಿನ ಜಾಗ. ಕರ್ನಲ್‌ಗೆ ಆಗಾಗ ‘ಸ್ವಲ್ಪ ಹೊತ್ತು ನನಗೆ ಯಾರೂ ಅಡ್ಡ ಬರಬೇಡಿ’ ಅನ್ನಬೇಕಾಗತ್ತೆ, ಅಂದ್ರೆ ಇಂಟರಪ್ಟ್ ಆಫ್ ಮಾಡಬೇಕಾಗತ್ತೆ. ಅದಕ್ಕೆ ‘ಸಿಎಲ್‌ಐ’ ಅನ್ನೋ ಇನ್‌ಸ್ಟ್ರಕ್ಷನ್ ಇದೆ. ಕೆಳಗಿನ ಮೆಟ್ಟಿಲಲ್ಲಿ ನಿಂತು ಅದನ್ನ ಹೇಳಿದ್ರೆ ಚಿಪ್ ಗದರಿಸತ್ತೆ, ಫಾಲ್ಟ್ ಆಗತ್ತೆ. ಹೋಸ್ಟ್‌ಗೂ ಗೊತ್ತಾಗತ್ತೆ, ಏನಾದ್ರೂ ಮಾಡಬಹುದು. ಅದೇ ಕೆಲಸ ಮಾಡಬಲ್ಲ ಇನ್ನೊಂದು ಇನ್‌ಸ್ಟ್ರಕ್ಷನ್ ‘ಪಾಪ್‌ಎಫ್’. ಕೆಳಗಿನ ಮೆಟ್ಟಿಲಲ್ಲಿ ನಿಂತು ಅದನ್ನ ಹೇಳಿದ್ರೆ ಗದರಿಕೆ ಇಲ್ಲ, ಫಾಲ್ಟ್ ಇಲ್ಲ. ಚಿಪ್ ಇಂಟರಪ್ಟಿನ ಕೋರಿಕೆಯನ್ನ ಮಾತ್ರ ಸದ್ದಿಲ್ಲದೆ ನುಂಗಿ ಮುಂದಿನ ಸಾಲಿಗೆ ಹೋಗತ್ತೆ. ಅತಿಥಿ ‘ಆಯ್ತು’ ಅಂದ್ಕೊಂಡಿರತ್ತೆ, ಆಗಿರಲ್ಲ. ಬೇಡ ಅಂದ್ರೆ ಅತಿಥಿ ಬದುಕಿಕೊಳ್ಳತ್ತೆ. ಏನೂ ಅನ್ನದೇ ಇದ್ರೆ ಕೆಡತ್ತೆ, ಅದೂ ಆಮೇಲೆ, ಬೇರೆಲ್ಲೋ.

ಎಲ್‌ಗೆಸ್ಟ್ ಇದಕ್ಕೆ ಕಂಡುಕೊಂಡ ದಾರಿ ಸರಳ: ಅತಿಥಿಗೆ ನಿಜ ಹೇಳಿಬಿಡು. ನೀನು ಯಜಮಾನ ಅಲ್ಲ, ಅತಿಥಿ. ಇಂಟರಪ್ಟ್ ಬೇಡ ಅಂದ್ರೆ ನಾವಿಬ್ಬರೂ ನೋಡೋ ಈ ಜಾಗದಲ್ಲಿ ಬರೆದಿಡು, ನಾನು ಅದನ್ನ ನೋಡಿಯೇ ತಲುಪಿಸ್ತೀನಿ. ಬೇರೆ ಏನಾದ್ರೂ ಬೇಕಾದ್ರೆ 31ನೇ ನಂಬರಿನ ಇಂಟರಪ್ಟ್ ಒತ್ತಿ ಕೇಳು. ಇದಕ್ಕೆ ಹೈಪರ್‌ಕಾಲ್ ಅಂತಾರೆ. ಒಂದು ಥರದಲ್ಲಿ ಬಾಗಿಲು ತಟ್ಟೋದು.

ಇನ್ನೊಂದು ದಾರಿಯೂ ಇದೆ, ಅದು ಇದಕ್ಕಿಂತ ಹಳೇದು. 1974ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಬರೆದ ಪ್ರಸಿದ್ಧ ಪೇಪರಿನ ಪ್ರಕಾರ ಒಳ್ಳೇ ಹೈಪರ್‌ವೈಸರ್ ಮೇಲೆ ಓಡೋ ಪ್ರೋಗ್ರಾಮು, ವೇಗ ಮತ್ತು ಸಂಪನ್ಮೂಲದ ವ್ಯತ್ಯಾಸ ಬಿಟ್ರೆ, ಅಸಲಿ ಮೆಷಿನ್ ಮೇಲಿದ್ದ ಹಾಗೇ ನಡ್ಕೋಬೇಕು. ಅಂದ್ರೆ ಭ್ರಮೆ ಪರಿಪೂರ್ಣವಾಗಿರಬೇಕು. 2005-06ರ ಹೊತ್ತಿಗೆ ಇಂಟೆಲ್ ಮತ್ತು ಎಎಂಡಿ ಚಿಪ್‌ಗಳೇ ಇದಕ್ಕೆ ನೆರವು ಕೊಡೋಕೆ ಶುರು ಮಾಡಿದ್ವು. ಪಾಪ್‌ಎಫ್ ಗೋಳು ಮುಗೀತು, ಅತಿಥಿ ತಾನು ಅತಿಥಿ ಅಂತ ತಿಳಿಯದೆಯೇ ಸುಖವಾಗಿ ಓಡಬಹುದಾಯ್ತು. ಆ ನೆರವಿನ ಮೇಲೇ ನಿಂತ ಕೆವಿಎಂ 2007ರ ಫೆಬ್ರವರಿಯಲ್ಲಿ ಕರ್ನಲ್ ಸೇರಿ ಬೆಳೀತು. ಎಲ್‌ಗೆಸ್ಟನ್ನ 2017ರಲ್ಲಿ, 4.14ರ ಹೊತ್ತಿಗೆ, ತೆಗೆದು ಹಾಕಿದ್ರು.

ಹಾಗಾದ್ರೆ ಭ್ರಮೆ ಗೆದ್ದುಬಿಡ್ತಾ? ಇಲ್ಲ. ಇವತ್ತಿನ ಲಿನಕ್ಸ್ ಅತಿಥಿ ಎದ್ದ ಕೂಡಲೇ ಸಿಪಿಯುವನ್ನ ‘ನಾನೆಲ್ಲಿದೀನಿ?’ ಅಂತ ಕೇಳತ್ತೆ. ಕೆವಿಎಂ ತನ್ನ ಹೆಸರನ್ನ ಮೂರು ಸಲ ಜೋಡಿಸಿ ‘ಕೆವಿಎಂಕೆವಿಎಂಕೆವಿಎಂ’ ಅಂತ ಉತ್ತರ ಕೊಡತ್ತೆ. ಸುಳ್ಳು ಹೇಳೋ ಶಕ್ತಿ ಪೂರ್ತಿ ಇದ್ದೂ ನಿಜ ಹೇಳತ್ತೆ, ಯಾಕಂದ್ರೆ ನಿಜ ಗೊತ್ತಿರೋ ಅತಿಥಿ ಜೊತೆ ಬಾಳ್ವೆ ಸುಲಭ. ಮೆಮೊರಿ ಕಮ್ಮಿ ಬಿದ್ದಾಗ ನೋಡಿ. ಹೋಸ್ಟ್ ಅತಿಥಿಯ ಪುಟಗಳನ್ನ ಹೇಳದೆ ಕೇಳದೆ ಡಿಸ್ಕಿಗೆ ಎತ್ತಿ ಹಾಕಬಹುದು, ಅತಿಥಿಗೆ ತುಂಬಾ ಬೇಕಾದ ಪುಟವೇ ಹೋದ್ರೂ ಹೋಗಬಹುದು. ಅಥವಾ ಬಲೂನ್ ಅನ್ನೋ ಡ್ರೈವರ್ ಮೂಲಕ ‘ಇಷ್ಟು ಜಾಗ ಬಿಟ್ಟುಕೊಡ್ತೀಯಾ?’ ಅಂತ ಕೇಳಬಹುದು, ಆಗ ಯಾವುದನ್ನ ಬಿಡಬೇಕು ಅಂತ ಅತಿಥಿಯೇ ಆರಿಸತ್ತೆ. ಎರಡರಲ್ಲೂ ಹೋಗೋದು ಅಷ್ಟೇ ಮೆಮೊರಿ, ಆದ್ರೆ ಅತಿಥಿಯ ಪಾಲಿಗೆ ಎರಡೂ ಒಂದೇ ಅಲ್ಲ.

ಇಷ್ಟೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ನಾನೊಮ್ಮೆ ಕೆಟ್ಟ ಹೋಸ್ಟ್ ಆಗಿದ್ದೆ.

ಕೆಲವು ವರ್ಷದ ಹಿಂದೆ ನಾನು ಲೀಡ್ ಆಗಿದ್ದ ಪ್ರಾಜೆಕ್ಟ್ ಮುಚ್ತಾರೆ ಅಂತ ನನಗೆ ಆರು ವಾರ ಮೊದಲೇ ಗೊತ್ತಾಯ್ತು. ‘ಅನೌನ್ಸ್ ಆಗೋವರೆಗೂ ಯಾರಿಗೂ ಹೇಳಬೇಡ’ ಅಂದಿದ್ರು. ಟೀಮಿನಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಹುಡುಗ ಇದ್ದ. ಅವನಿಗೆ ನಾನು ಮೊದಲಿಂದ ಹೇಳ್ತಿದ್ದ ಮಾತು, ‘ಈ ಮಾಡ್ಯೂಲ್ ನಿಂದೇ, ನೀನೇ ಓನರ್.’ ಆ ಆರು ವಾರವೂ ಅವನು ಶನಿವಾರ ಬಂದು ಕೂತು ಕೆಲಸ ಮಾಡಿದ. ಮಧ್ಯದಲ್ಲೊಂದಿನ ‘ಸರ್, ಇನ್ನೊಬ್ರನ್ನ ಕೊಡ್ರಿ ಅಂತ ಕೇಳಿದ್ನಲ್ರೀ, ಏನಾತು?’ ಅಂದ. ನಾನು ‘ನೋಡೋಣ’ ಅಂದೆ. ಹೂಂ ಅಲ್ಲ, ಊಹೂಂ ಅಲ್ಲ. ಪಾಪ್‌ಎಫ್. ವಿಷಯ ಹೊರಗೆ ಬಂದ ದಿನ ಅವನು ಜಗಳ ಆಡಲಿಲ್ಲ. ‘ಒಂದ್ ಮಾತು ಹೇಳಿದ್ರ ಸಾಕಾಗಿತ್ತಲ್ರೀ ಸರ್’ ಅಂದ, ಅಷ್ಟೇ.

ನನ್ನ ಪರವಾಗಿ ನಾನೇ ವಾದ ಮಾಡ್ಕೊಂಡಿದೀನಿ. ಎಲ್ಲರಿಗೂ ಎಲ್ಲವನ್ನೂ ಹೇಳೋಕಾಗಲ್ಲ. ಇದು ನಿಜ. ಹೋಸ್ಟ್ ಕೂಡ ಒಬ್ಬ ಅತಿಥಿಗೆ ಇನ್ನೊಬ್ಬ ಅತಿಥಿಯ ಮೆಮೊರಿ ತೋರಿಸಲ್ಲ, ತೋರಿಸಿದ್ರೆ ಅದೇ ದೊಡ್ಡ ಅಪಚಾರ. ಬೇಗ ಹೇಳಿದ್ರೆ ಸುಮ್ಮನೆ ಗಾಬರಿ ಆಗತ್ತೆ, ಇದರಲ್ಲೂ ಸತ್ಯ ಇದೆ. ಮೆಷಿನ್‌ಗೆ ಮನಸ್ಸಿಲ್ಲ, ಮನುಷ್ಯರಿಗೆ ಹೋಲಿಸಬಾರದು ಅನ್ನೋದನ್ನೂ ಒಪ್ತೀನಿ. ಆದ್ರೆ ಮನಸ್ಸೇ ಇಲ್ಲದ ಅತಿಥಿಗೂ ಲೆಕ್ಕ ಕೊಡಬೇಕು ಅಂತ ಎಂಜಿನಿಯರುಗಳಿಗೆ ಹೊಳೆದಿದೆ. ಮನಸ್ಸಿರೋರ ವಿಷಯದಲ್ಲಿ ನಮಗ್ಯಾಕೆ ಹೊಳೆಯಲ್ಲ?

ಗಡಿ ಹಾಕೋದು ತಪ್ಪಲ್ಲ ಅಂತ ಈಗಲೂ ನಂಬಿದೀನಿ. ಗುಟ್ಟು ಕಾಪಾಡೋದೂ ತಪ್ಪಲ್ಲ. ಗಡಿ ಹತ್ರ ಬಂದು ಕೇಳಿದವನಿಗೆ ಉತ್ತರವನ್ನೇ ಕೊಡದೆ, ಅವನು ದಾಟಿದೀನಿ ಅಂದ್ಕೊಳ್ಳೋ ಹಾಗೆ ಬಿಡೋದು ತಪ್ಪು. ನಾನು ಗುಟ್ಟು ಬಿಡದೆಯೂ ‘ಜನ ಸಿಗಲ್ಲ ಕಣೋ, ಕಾರಣ ಕೇಳಬೇಡ, ಶನಿವಾರ ಮಾತ್ರ ಬರಬೇಡ’ ಅನ್ನಬಹುದಿತ್ತು. ಅದು ಸಿಎಲ್‌ಐಗೆ ಬೀಳೋ ಗದರಿಕೆ ಥರ. ಬೇಜಾರಾಗ್ತಿತ್ತು, ಆದ್ರೆ ನಿಂತಿರೋದು ಎಲ್ಲಿ ಅಂತ ಅವನಿಗೆ ಗೊತ್ತಾಗ್ತಿತ್ತು. ಅವನ ಶನಿವಾರಗಳನ್ನ ಏನು ಮಾಡಬೇಕು ಅಂತ ಅವನೇ ಆರಿಸ್ಕೊಳ್ತಿದ್ದ.

ಅವನೀಗ ಬೇರೆ ಕಡೆ ಇದಾನೆ, ಚೆನ್ನಾಗಿದಾನೆ. ಹಬ್ಬಕ್ಕೆ ಮೆಸೇಜ್ ಮಾಡ್ತಾನೆ. ನಾನು ಆ ವಿಷಯ ಇನ್ನೂ ಎತ್ತಿಲ್ಲ, ಎತ್ತಬೇಕು. ಆರು ವಾರ, ಆರು ಶನಿವಾರ. ಅವನ ಎಸ್‌ಟಿ ಕಾಲಮ್ಮಿನಲ್ಲಿ ಇರಬೇಕಾಗಿದ್ದ ಸಂಖ್ಯೆ ಅದು. ಬರೀಬೇಕಾಗಿದ್ದೋನು ನಾನು.