ತಾಗದ ತುದಿಗಳು

1873ರಲ್ಲಿ ಇಟಲಿಯ ಕ್ಯಾಮಿಲೊ ಗಾಲ್ಜಿ, ಆಸ್ಪತ್ರೆಯೊಂದರ ಹಳೆಯ ಅಡುಗೆಕೋಣೆಯಲ್ಲಿ ಹೂಡಿಕೊಂಡಿದ್ದ ಪುಟ್ಟ ಪ್ರಯೋಗಶಾಲೆಯಲ್ಲಿ, ಪೊಟ್ಯಾಸಿಯಂ ಡೈಕ್ರೋಮೇಟ್‌ನಲ್ಲಿ ಗಟ್ಟಿಯಾದ ಮಿದುಳಿನ ತುಣುಕನ್ನು ಬೆಳ್ಳಿಯ ನೈಟ್ರೇಟ್ ದ್ರಾವಣಕ್ಕೆ ಇಳಿಬಿಟ್ಟು ಕಾದಾಗ, ತಿಳಿಹಳದಿಯ ಆ ಬಯಲಿನಲ್ಲಿ ಎಲ್ಲೋ ಒಂದು, ಮತ್ತೆಲ್ಲೋ ಇನ್ನೊಂದು ನರಕೋಶ ಬುಡದಿಂದ ತುದಿಯವರೆಗೆ ಕಡುಗಪ್ಪಾಗಿ ಮೂಡಿ ನಿಂತಿತು. ನೂರರಲ್ಲಿ ಕೆಲವೇ ಕೆಲವು. ಉಳಿದವೆಲ್ಲ ಅಲ್ಲೇ, ಒತ್ತೊತ್ತಾಗಿ, ಕಣ್ಣಿಗೆ ಬೀಳದೆ. ಬೆಳ್ಳಿ ಇದನ್ನೇ ಏಕೆ ಹಿಡಿಯಿತು, ಪಕ್ಕದ್ದನ್ನು ಏಕೆ ಬಿಟ್ಟಿತು ಎಂಬುದಕ್ಕೆ ಇಂದಿಗೂ ಪೂರ್ಣ ಉತ್ತರವಿಲ್ಲ. ಎಲ್ಲವೂ ಒಟ್ಟಿಗೆ ಬಣ್ಣ ಹೀರಿದ್ದರೆ ಕಾಣುತ್ತಿದ್ದುದು ಬರೀ ಮಸಿ. ಕಾಣದೆ ಉಳಿದವುಗಳ ಕೃಪೆಯಿಂದ ಒಂದು ಕಂಡಿತು.

ಚಿತ್ರಕಾರನಾಗಲು ಹಂಬಲಿಸಿ, ತಂದೆಯ ಹಟಕ್ಕೆ ವೈದ್ಯನಾದ ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್ ಅದೇ ಕಪ್ಪು ಬಣ್ಣವನ್ನು ಹಕ್ಕಿಗಳ ಕಿರುಮಿದುಳಿಗೆ ಊಡಿಸಿ, 1888ರಲ್ಲಿ ಬಾರ್ಸಿಲೋನಾದಲ್ಲಿ ತಾನು ಕಂಡದ್ದನ್ನು ಪ್ರಕಟಿಸಿದ. ಅಲ್ಲಿ ಪರ್ಕಿಂಜೆ ಕೋಶವಿದೆ. ದುಂಡನೆಯ ಒಡಲಿನಿಂದ ಮೇಲಕ್ಕೆ ಒಂದು ಕಾಂಡ, ಅದು ಕವಲೊಡೆದು, ಕವಲು ಮತ್ತೆ ಕವಲೊಡೆದು, ಕಡೆಗೆ ನೋಟವೇ ಎಳೆಯಾಗಿ ಹೋಗುವಷ್ಟು ನವುರಾಗುತ್ತದೆ. ಇಷ್ಟೆಲ್ಲ ಹರಡಿಯೂ ಅದು ಒಂದೇ ಸಮತಲದಲ್ಲಿ ಚಪ್ಪಟೆ, ಮಕ್ಕಳು ಪುಸ್ತಕದೊಳಗಿಟ್ಟು ಮರೆತ ಅರಳಿಯೆಲೆ ಹಸಿರೆಲ್ಲ ಕಳೆದುಕೊಂಡು ಬರೀ ನಾರಿನ ಜಾಲರಿಯಾಗಿ ಉಳಿದ ಹಾಗೆ. ಕೊಂಬೆಗಳ ಮೈತುಂಬ ಮುಳ್ಳುಗಳು. ಬಣ್ಣದ ಕಸವೆಂದು ಇತರರು ತಳ್ಳಿಹಾಕಿದ ಈ ಮುಳ್ಳುಗಳನ್ನು ಕಹಾಲ್ ಮಾತ್ರ ಬಿಡದೆ, ಒಂದೊಂದಾಗಿ, ಶಾಯಿಯಲ್ಲಿ ಬರೆದ. ಬೇರೆ ಕೋಶಗಳ ಸುದ್ದಿ ಬಂದಿಳಿಯುವ ಜಾಗ ಅವೇ. ಆ ಚಿತ್ರಗಳ ಮುಂದೆ ಕೂತರೆ ನನಗೆ ಅವನ ಅಪ್ಪ ಗೆದ್ದನೆಂದು ಅನಿಸುವುದೇ ಇಲ್ಲ.

ಕಹಾಲ್ ಇನ್ನೊಂದನ್ನೂ ಕಂಡ. ಒಂದು ಕೋಶದ ತುದಿ ಇನ್ನೊಂದರ ಮೈಯನ್ನು ಬಳಸಿ, ಸುತ್ತಿ, ತೀರಾ ಹತ್ತಿರ ಬಂದು ಅಲ್ಲಿಗೇ ನಿಂತುಬಿಡುತ್ತದೆ, ಸೇರಿ ಒಂದಾಗುವುದಿಲ್ಲ. ಮಿದುಳೆಲ್ಲ ಕಡಿವಿಲ್ಲದ ಒಂದೇ ಬಲೆ ಎಂದು ನಂಬಿದ್ದ ಗಾಲ್ಜಿ ಇದನ್ನು ಒಪ್ಪಲಿಲ್ಲ, 1906ರಲ್ಲಿ ಇಬ್ಬರೂ ನೊಬೆಲ್ ಹಂಚಿಕೊಂಡ ವೇದಿಕೆಯಲ್ಲೂ ಒಪ್ಪಲಿಲ್ಲ. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಆ ಬಿರುಕು ಕಣ್ಣಾರೆ ಕಂಡಾಗ ಇಬ್ಬರೂ ಇರಲಿಲ್ಲ. ಅದರ ಅಗಲ ಸುಮಾರು 20 ನ್ಯಾನೋಮೀಟರ್. ಬೆನ್ನುಹುರಿಯ ಬುಡದಿಂದ ಕಾಲ್ಬೆರಳಿನವರೆಗೆ ಮೀಟರಿನಷ್ಟು ಉದ್ದ ಚಾಚಿದ ನರತಂತುವಿನಲ್ಲಿ, ಸೋಡಿಯಂ ಅಯಾನುಗಳು ಒಳನುಗ್ಗಿದಲ್ಲೆಲ್ಲ ಕ್ಷಣಕಾಲ ತಿರುವುಮುರುವಾಗುತ್ತ ಸಾಗಿಬಂದ ವಿದ್ಯುತ್ತು ಈ ಬಿರುಕಿನ ಅಂಚಿಗೆ ಬಂದು ನಿಲ್ಲುತ್ತದೆ. ಬಹುಪಾಲು ಕಡೆ ಅದಕ್ಕೆ ಮುಂದೆ ದಾರಿಯಿಲ್ಲ. ಆಗ ತುದಿಯಲ್ಲಿ ಕಾದಿದ್ದ ಕಣ್ಣಿಗೆ ಕಾಣದ ಚೀಲಗಳು ಒಡೆದು, ಒಳಗಿನ ರಸ ಆ ಇರುಕಿಗೆ ಚೆಲ್ಲಿ, ಆಚೆ ದಡದ ಕೋಶವನ್ನು ಮುಟ್ಟುತ್ತದೆ. ನೆನಪು, ನೋವು, ಹೆಸರು ಹಿಡಿದು ಕರೆದವರ ದನಿ, ಎಲ್ಲವೂ ಹೀಗೆ ಚೆಲ್ಲಿ, ದಾಟಿ ಬಂದದ್ದು.

ಈ ರಸವನ್ನು ತೋರಿಸಿಕೊಟ್ಟ ಪ್ರಯೋಗ ಹೊಳೆದದ್ದು ಕನಸಿನಲ್ಲಿ. ಆಸ್ಟ್ರಿಯಾದ ಗ್ರಾಜ್ ನಗರದಲ್ಲಿದ್ದ ಆಟೊ ಲೋವಿ ನಡುರಾತ್ರಿ ಎದ್ದು ಗೀಚಿಟ್ಟದ್ದು ಬೆಳಿಗ್ಗೆ ತನಗೇ ಓದಲಾಗಲಿಲ್ಲವಂತೆ. ಮರುರಾತ್ರಿ ಕನಸು ಮತ್ತೆ ಬಂತು, ಈ ಸಲ ನೇರ ಪ್ರಯೋಗಶಾಲೆಗೆ ನಡೆದ. (ನರಕೋಶಗಳೇ ನಿದ್ದೆಯಲ್ಲಿ ತಮ್ಮ ಗುಟ್ಟು ಬಿಟ್ಟುಕೊಟ್ಟವೋ ಏನೋ.) ಉಪ್ಪುನೀರಿನಲ್ಲಿ ಮಿಡಿಯುತ್ತಿದ್ದ ಕಪ್ಪೆಯ ಹೃದಯದ ವೇಗಸ್ ನರವನ್ನು ವಿದ್ಯುತ್ತಿನಿಂದ ಕೆಣಕಿ ಬಡಿತವನ್ನು ನಿಧಾನಿಸಿ, ಆ ನೀರನ್ನು ಇನ್ನೊಂದು ಹೃದಯಕ್ಕೆ ಉಣಿಸಿದ. ಯಾವ ನರದ ನಂಟೂ ಇಲ್ಲದ ಆ ಎರಡನೆಯ ಹೃದಯವೂ ನಿಧಾನಿಸಿತು. 1921ರಲ್ಲಿ ಪ್ರಕಟವಾದ ಈ ಪ್ರಯೋಗದ ನೀರಿನಲ್ಲಿದ್ದದ್ದು ಅಸಿಟೈಲ್‌ಕೋಲಿನ್. ನಮ್ಮ ವೇಗಸ್ ನರವೂ ಅದನ್ನೇ ಸುರಿಸುತ್ತದೆ, ಉಸಿರು ಹೊರಬಿಡುವಾಗ ತುಸು ಹೆಚ್ಚು. ಮಣಿಕಟ್ಟಿನ ಮೇಲೆ ಬೆರಳಿಟ್ಟು ನೀಳವಾಗಿ ಉಸಿರು ಬಿಟ್ಟು ನೋಡಿ, ನಾಡಿ ಹಿಂಜರಿಯುವುದು ಸಿಕ್ಕರೂ ಸಿಕ್ಕೀತು.